“ಗಿಡ್ಡಿನೆಸ್ ಆಗ್ತದೆ ಡಾಕ್ಟ್ರೇ”

ಶಿವಮೊಗ್ಗದ ಯಾವುದೇ ಆಸ್ಪತ್ರೆಯ ಹೊರರೋಗಿ ವಿಭಾಗದ ಬೆಂಚಿನ ಮೇಲೆ ಬೆಳಗಿನ ಹೊತ್ತು ಅರ್ಧ ಗಂಟೆ ಕುಳಿತವರ ಕಿವಿಗೆ ‘ಗಿಡ್ಡಿನೆಸ್’ ಎಂಬ ಮಾತು ಬೀಳದೆ ಇರುವುದಿಲ್ಲ. ಹೊಸನಗರದ ಒಳಹಳ್ಳಿಯಿಂದ ಮೊದಲ ಬಸ್ಸು ಹಿಡಿದು ಬಂದ ಅಜ್ಜಿ, ತಿಂಡಿ ಬಿಟ್ಟು ಪರೀಕ್ಷೆಗೆ ಓದುತ್ತಿರುವ ಕಾಲೇಜು ಹುಡುಗಿ, ತೋಟದ ಕೆಲಸ ಅರ್ಧಕ್ಕೆ ನಿಲ್ಲಿಸಿ ಬಂದ ಯಜಮಾನರು, ಎಲ್ಲರೂ ಒಳಗೆ ಹೋಗಿ ಹೇಳುವುದು ಒಂದೇ: “ಗಿಡ್ಡಿನೆಸ್ ಆಗ್ತದೆ ಡಾಕ್ಟ್ರೇ.” ಬಿಪಿ, ಶುಗರ್, ಗ್ಯಾಸ್ಟ್ರಿಕ್ ಎಂಬ ಪದಗಳ ಸಾಲಿಗೆ ಇದೂ ಸೇರಿ, ಇಂಗ್ಲಿಷ್ ಶಾಲೆಯ ಮೆಟ್ಟಿಲನ್ನೇ ಹತ್ತದವರ ಬಾಯಲ್ಲೂ ಸಲೀಸಾಗಿ ಬರುವ ಕನ್ನಡದ್ದೇ ಮಾತಾಗಿಬಿಟ್ಟಿದೆ. ಪದ ಎರವಲಾಗಿ ಬಂದದ್ದರ ಬಗ್ಗೆ ನನ್ನದೇನೂ ತಕರಾರಿಲ್ಲ. ಆದರೆ ನಾವು ಹಿಂದೆ ಬೇರೆ ಬೇರೆಯಾಗಿ ಹೇಳುತ್ತಿದ್ದ ನಾಲ್ಕೈದು ಬಗೆಯ ಕಷ್ಟಗಳನ್ನು ಈ ಒಂದು ಪದ ನುಂಗಿಹಾಕಿದೆ. ವೈದ್ಯರಿಗೆ ಬೇಕಾಗಿರುವುದು ಆ ಬೇರೆ ಬೇರೆಯಾದ ವಿವರಗಳೇ. ಮನೆಯ ಹಿರಿಯರನ್ನು ಕರೆದುಕೊಂಡು ಆಸ್ಪತ್ರೆಗಳಿಗೆ ಓಡಾಡುತ್ತ ನಾನು ಕಂಡುಕೊಂಡ ಈ ಸಂಗತಿ ಎಷ್ಟು ಮುಖ್ಯವೆಂದು ಅನ್ನಿಸಿದೆಯೆಂದರೆ, ಇದನ್ನು ವಿವರವಾಗಿಯೇ ಬರೆಯಬೇಕೆಂದು ಕುಳಿತಿದ್ದೇನೆ.

ಮೊದಲಿಗೆ ಪದದ ಹಿನ್ನೆಲೆಯನ್ನು ನೋಡೋಣ. ಹಳೆಯ ಇಂಗ್ಲಿಷಿನಲ್ಲಿ ‘ಗಿಡಿಗ್’ ಎಂಬ ರೂಪದಲ್ಲಿದ್ದ ಈ ಪದಕ್ಕೆ ಹುಚ್ಚು ಹಿಡಿದ, ದೇವರು ಮೈಮೇಲೆ ಬಂದ ಎಂಬ ಅರ್ಥವಿತ್ತು. ‘ಗಾಡ್’ ಎಂಬ ಪದಕ್ಕೂ ಇದಕ್ಕೂ ಬೇರು ಒಂದೇ ಎಂದು ನಿಘಂಟುಕಾರರು ಹೇಳುತ್ತಾರೆ. ತಲೆ ತಿರುಗುವುದು ಎಂಬ ಅರ್ಥ ಇದಕ್ಕೆ ಅಂಟಿಕೊಂಡದ್ದು 16ನೇ ಶತಮಾನದ ಹೊತ್ತಿಗೆ. ಇಂದು ಅಮೆರಿಕದಲ್ಲಿ ಒಬ್ಬರು ತಾನು ‘ಗಿಡ್ಡಿ’ಯಾಗಿದ್ದೇನೆ ಎಂದರೆ, ಸಂತೋಷದಲ್ಲಿ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ ಎಂದೇ ಕೇಳಿದವರು ಹೆಚ್ಚಾಗಿ ತಿಳಿಯುತ್ತಾರೆ, ಕಾಯಿಲೆಯ ತಲೆಸುತ್ತಿಗೆ ಅಲ್ಲಿ ‘ಡಿಜ್ಜಿ’ ಎಂಬುದೇ ಬಳಕೆಯ ಮಾತು. ನಮ್ಮಲ್ಲಿ ಮಾತ್ರ ‘ಗಿಡ್ಡಿನೆಸ್’ ಎನ್ನುವುದು ಆಸ್ಪತ್ರೆಯ ಚೀಟಿಯಲ್ಲಿಯೂ ಮನೆಯ ಮಾತಿನಲ್ಲಿಯೂ ಕಾಯಿಲೆಯ ಹೆಸರಾಗಿಯೇ ಉಳಿದುಕೊಂಡಿದೆ.

ಈ ಪದ ಬರುವುದಕ್ಕೆ ಮುಂಚೆ ಮಲೆನಾಡಿನವರು ಏನು ಹೇಳುತ್ತಿದ್ದರು? ಸುತ್ತಲಿನ ಗೋಡೆ, ಮಾಡು, ಮರ ಎಲ್ಲವೂ ಗಿರಗಿರನೆ ಸುತ್ತಿದಂತೆ ಕಂಡರೆ ‘ತಲೆ ತಿರುಗುವುದು’. ಕೂತವರು ಎದ್ದೊಡನೆ ಕಣ್ಣಿಗೆ ಕಪ್ಪು ಕವಿದು, ಇನ್ನೇನು ಬೀಳುತ್ತೇನೆ ಎನ್ನಿಸಿದರೆ ‘ಕಣ್ಣು ಕತ್ತಲೆ ಬರುವುದು’. ಅದು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಮೈ ಕುಸಿದರೆ ‘ಬವಳಿ ಬರುವುದು’. ತಲೆ ಸರಿಯಾಗಿಯೇ ಇದ್ದು, ನಡೆಯುವಾಗ ಮಾತ್ರ ಕಾಲು ಹೇಳಿದ ಮಾತು ಕೇಳದೆ ಅತ್ತಿತ್ತ ಹೋದರೆ ‘ತೂರಾಡುವುದು’, ‘ಕಾಲು ನಿಲ್ಲದಿರುವುದು’. ಹೀಗೆ ಒಂದೊಂದು ಕಷ್ಟಕ್ಕೂ ಒಂದೊಂದು ಮಾತಿತ್ತು.

ಇವೆಲ್ಲಕ್ಕಿಂತ ಹೊರತಾಗಿ, ಅಡಿಕೆಯ ಸೀಮೆಯವರಾದ ನಮಗೆ ಮಾತ್ರ ಚೆನ್ನಾಗಿ ಗೊತ್ತಿರುವ ಇನ್ನೊಂದಿದೆ: ‘ಸೊಕ್ಕುವುದು’. ಸುಲಿಯುವ ಕಾಲದಲ್ಲಿ ಹಸಿ ಅಡಿಕೆಯ ಹೋಳನ್ನು ಬಾಯಿಗೆ ಹಾಕಿಕೊಂಡವರಲ್ಲಿ ಯಾರಾದರೊಬ್ಬರು ಇದ್ದಕ್ಕಿದ್ದಂತೆ ಮೆಟ್ಟುಗತ್ತಿ ಬಿಟ್ಟು ಕೈ ಊರಿ ಕೂರುತ್ತಾರೆ. ಹಣೆಯ ಮೇಲೆ ಬೆವರು ಹನಿಯುತ್ತದೆ, ಕಿವಿ ಬಿಸಿಯಾಗುತ್ತದೆ, ಎದೆ ಬಿಗಿಯುತ್ತದೆ, ಕೂತ ನೆಲವೇ ಓಲಾಡಿದಂತಾಗುತ್ತದೆ. ಪಕ್ಕದವರು ಮುಖ ನೋಡಿದ ಕೂಡಲೇ “ಅಡಿಕೆ ಸೊಕ್ಕಿತು ಕಾಣ್ತದೆ, ಉಗುಳಿ ಮಾರಾಯ್ರೆ” ಎಂದು ತಣ್ಣೀರು ಕೊಡುತ್ತಾರೆ. ಸ್ವಲ್ಪ ಹೊತ್ತಿನಲ್ಲಿ ಸರಿಹೋಗುತ್ತದೆ. ಅಡಿಕೆಯಲ್ಲಿರುವ ಅರೆಕೋಲಿನ್ ಎಂಬ ಸಾರ ನರಗಳ ಮೇಲೆ ಕೆಲಸ ಮಾಡುವುದರಿಂದ ಹೀಗಾಗುತ್ತದೆ. ಕಾರಣ, ಲಕ್ಷಣ, ಮಾಡಬೇಕಾದ ಉಪಚಾರ ಮೂರನ್ನೂ ‘ಸೊಕ್ಕಿತು’ ಎಂಬ ಒಂದೇ ಕ್ರಿಯಾಪದ ಹೇಳಿಬಿಡುತ್ತದೆ. ಅದನ್ನೇ ‘ಗಿಡ್ಡಿನೆಸ್’ ಎಂದಾಗ ಇವುಗಳಲ್ಲಿ ಒಂದೂ ಉಳಿಯುವುದಿಲ್ಲ.

ನಮ್ಮ ಹಿರಿಯರ ಈ ವಿಂಗಡಣೆಯನ್ನು ವೈದ್ಯಶಾಸ್ತ್ರವೂ ಮಾಡಿಕೊಂಡಿತ್ತು ಎಂಬುದನ್ನು ತಿಳಿದಾಗ ನನಗೆ ಬಹಳ ಸಂತೋಷವಾಯಿತು. 1972ರಲ್ಲಿ ಡ್ರಾಖ್ಮನ್ ಮತ್ತು ಹಾರ್ಟ್ ಎಂಬ ಇಬ್ಬರು ಅಮೆರಿಕನ್ ವೈದ್ಯರು ತಲೆಸುತ್ತಿನ ದೂರು ಹೊತ್ತು ಬಂದವರನ್ನು ನಾಲ್ಕು ಗುಂಪು ಮಾಡಿದರು: ಸುತ್ತಲಿನದು ತಿರುಗಿದಂತೆ ಕಾಣುವವರು, ಪ್ರಜ್ಞೆ ತಪ್ಪುವ ಹಾಗಾಗುವವರು, ನಿಲ್ಲುವಾಗ ಮತ್ತು ನಡೆಯುವಾಗ ಮಾತ್ರ ತೂಕ ತಪ್ಪುವವರು, ಮತ್ತು ಇವು ಮೂರಕ್ಕೂ ಸೇರದೆ ತಲೆ ಹಗುರಾದಂತೆ ಅನ್ನಿಸುವವರು. ದಶಕಗಳ ಕಾಲ ವೈದ್ಯ ವಿದ್ಯಾರ್ಥಿಗಳು ಕಲಿತದ್ದು ಇದನ್ನೇ.

ಇವುಗಳಲ್ಲಿ ಮೊದಲನೆಯದಾದ ತಲೆ ತಿರುಗುವಿಕೆಯ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ಇದರಷ್ಟು ಹೆದರಿಸುವ ಮತ್ತು ಹಲವು ಸಲ ಇದರಷ್ಟು ಸುಲಭವಾಗಿ ಗುಣವಾಗುವ ತೊಂದರೆ ಅಪರೂಪ. ನಮ್ಮ ಒಳಗಿವಿಯಲ್ಲಿ ಅರೆವೃತ್ತಾಕಾರದ ಮೂರು ಸಣ್ಣ ನಾಳಗಳು ಒಂದಕ್ಕೊಂದು ಸರಿಸುಮಾರು ಲಂಬವಾಗಿ ನಿಂತಿವೆ. ಅವುಗಳೊಳಗೆ ದ್ರವ ತುಂಬಿದೆ. ತಲೆ ತಿರುಗಿಸಿದಾಗ ದ್ರವ ಹಿಂದುಳಿದು ಅಲ್ಲಿನ ಸೂಕ್ಷ್ಮ ರೋಮಗಳನ್ನು ಬಾಗಿಸುತ್ತದೆ, ಆ ಸುದ್ದಿ ಮಿದುಳಿಗೆ ಹೋಗುತ್ತದೆ. ಗಾರೆಯವರು ಗೋಡೆಯ ಮೇಲಿಟ್ಟು ನೋಡುವ ರಸಮಟ್ಟವನ್ನು ಮೂರು ದಿಕ್ಕಿಗೆ ಜೋಡಿಸಿ ಕಿವಿಯೊಳಗೆ ಇಟ್ಟ ಹಾಗೆ ಎಂದು ತಿಳಿಯಬಹುದು. ಈ ನಾಳಗಳ ಬುಡದಲ್ಲಿರುವ ಇನ್ನೊಂದು ಅಂಗದಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟಿನ ಸಣ್ಣ ಸಣ್ಣ ಹರಳುಗಳು ಅಂಟಿಕೊಂಡಿರುತ್ತವೆ; ನೆಲದ ಸೆಳೆತ ಯಾವ ಕಡೆಗೆ ಎಂಬುದನ್ನು ತಿಳಿಸುವುದು ಅವುಗಳ ಕೆಲಸ. ವಯಸ್ಸಾಗಿಯೋ ತಲೆಗೆ ಪೆಟ್ಟು ಬಿದ್ದೋ ಆ ಹರಳುಗಳು ಕಳಚಿ ನಾಳದೊಳಗೆ ಸೇರಿಕೊಂಡರೆ, ತಲೆಯನ್ನು ಒಂದು ನಿರ್ದಿಷ್ಟ ಕೋನಕ್ಕೆ ತಂದಾಗಲೆಲ್ಲ ಅವು ಉರುಳಿ ದ್ರವವನ್ನು ಕಲಕುತ್ತವೆ. ತಲೆ ನಿಂತಿದ್ದರೂ ತಿರುಗುತ್ತಿದೆ ಎಂಬ ಸುದ್ದಿ ಮಿದುಳಿಗೆ ಹೋಗುತ್ತದೆ.

ನನ್ನ ಚಿಕ್ಕಮ್ಮನಿಗೆ ಆದದ್ದು ಇದೇ. ಬೆಳಗಿನ ಜಾವ ಬಲಕ್ಕೆ ಹೊರಳಿದರೆ ಮಾಡಿನ ಜಂತಿಗಳು ಓಡತೊಡಗುತ್ತಿದ್ದವು, ಒಂದು ನಿಮಿಷದೊಳಗೆ ನಿಲ್ಲುತ್ತಿದ್ದವು. ಅಟ್ಟದ ಮೇಲಿನ ಭರಣಿ ನೋಡಲು ಕತ್ತೆತ್ತಿದರೂ ಹಾಗೆಯೇ. ಕೊನೆ ಎಷ್ಟು ಹಣ್ಣಾಗಿದೆ ಎಂದು ಅಡಿಕೆ ಮರದ ತುದಿ ನೋಡುವುದಂತೂ ಆಗದ ಮಾತಾಗಿತ್ತು. ಅವರು ಹೋದಲ್ಲೆಲ್ಲ “ಗಿಡ್ಡಿನೆಸ್” ಎಂದಷ್ಟೇ ಹೇಳಿದ್ದರಿಂದ ರಕ್ತದ ಪರೀಕ್ಷೆಗಳೂ ಕತ್ತಿನ ಎಕ್ಸ್‌ರೇಯೂ ಆಗಿ, ಮಾತ್ರೆಗಳ ಮೇಲೆ ಮಾತ್ರೆ ಬದಲಾಗುತ್ತಿದ್ದವು. ಕಡೆಗೆ ಒಬ್ಬ ಕಿವಿ-ಮೂಗು-ಗಂಟಲು ತಜ್ಞರು “ಅಮ್ಮಾ, ಏನು ಮಾಡುವಾಗ ಬರುತ್ತೆ, ಎಷ್ಟು ಹೊತ್ತು ಇರುತ್ತೆ?” ಎಂದು ಕೇಳಿದರು. “ಬಲಕ್ಕೆ ಮಗ್ಗುಲಾದ್ರೆ ಸಾಕು, ಮನೆಯೇ ತಿರುಗ್ತದೆ, ಹತ್ತು ಎಣಿಸೋದ್ರೊಳಗೆ ನಿಲ್ತದೆ” ಎಂದರು ಚಿಕ್ಕಮ್ಮ. ವೈದ್ಯರು ಅವರನ್ನು ಮಂಚದ ಮೇಲೆ ಕೂರಿಸಿ, ತಲೆಯನ್ನು ಬಲಕ್ಕೆ ಓರೆಮಾಡಿ ಹಿಡಿದು, ಒಮ್ಮೆಲೇ ಹಿಂದಕ್ಕೆ ಮಲಗಿಸಿ, ತಲೆ ಮಂಚದ ಅಂಚಿನಿಂದ ತುಸು ಕೆಳಕ್ಕೆ ಜೋಲುವಂತೆ ಮಾಡಿದರು. ನಾನು ಎದುರಿಗೇ ನಿಂತಿದ್ದೆ. ಮೂರ್ನಾಲ್ಕು ಕ್ಷಣ ಏನೂ ಇಲ್ಲ. ಆಮೇಲೆ ಚಿಕ್ಕಮ್ಮನ ಎರಡೂ ಕಣ್ಣಿನ ಪಾಪೆಗಳು ತಾವಾಗಿಯೇ ಸುರುಳಿ ಸುತ್ತಿದಂತೆ ಪಟಪಟನೆ ಅದುರತೊಡಗಿದವು. ಅವರು ನನ್ನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡರು. ಅದುರುವುದು ನಿಂತ ಮೇಲೆ ವೈದ್ಯರು ತಲೆಯನ್ನು ನಿಧಾನವಾಗಿ ಎಡಕ್ಕೆ ತಿರುಗಿಸಿ ಸ್ವಲ್ಪ ಹೊತ್ತು ಹಿಡಿದರು, ಮೈಯನ್ನೂ ಎಡಕ್ಕೆ ಹೊರಳಿಸಿ ಮತ್ತೆ ಹಿಡಿದರು, ಆಮೇಲೆ ಎಬ್ಬಿಸಿ ಕೂರಿಸಿದರು. ಇಷ್ಟೇ ಚಿಕಿತ್ಸೆ. ಹರಳುಗಳು ನಾಳದಿಂದ ಉರುಳಿ ಹೊರಬಿದ್ದು ತಮ್ಮ ಜಾಗಕ್ಕೆ ಸೇರಲಿ ಎಂಬುದೇ ಇದರ ಉದ್ದೇಶ. ಇನ್ನೊಂದು ಸಲ ಕರೆಸಿ ಹೀಗೆಯೇ ಮಾಡಿದ ಮೇಲೆ ಚಿಕ್ಕಮ್ಮ ಯಾವ ಮಗ್ಗುಲಿಗೆ ಬೇಕಾದರೂ ಮಲಗಿದರು.

ಮಂಚದ ಮೇಲೆ ಮಲಗಿಸಿ ಕಣ್ಣು ನೋಡುವ ಈ ಪರೀಕ್ಷೆಯನ್ನು ಡಿಕ್ಸ್ ಮತ್ತು ಹಾಲ್‌ಪೈಕ್ ಎಂಬುವರು 1952ರಲ್ಲಿ ವಿವರಿಸಿದರು. ಹೊರಳಿಸಿ ಗುಣಪಡಿಸುವ ಕ್ರಮವನ್ನು ರೂಪಿಸಿದವರು ಅಮೆರಿಕದ ಪೋರ್ಟ್‌ಲ್ಯಾಂಡ್ ನಗರದ ವೈದ್ಯ ಜಾನ್ ಎಪ್ಲಿ. ಅವರು 1980ರಲ್ಲಿ ಇದನ್ನು ಮುಂದಿಟ್ಟಾಗ ಸಹೋದ್ಯೋಗಿಗಳು ನಂಬಲಿಲ್ಲ. ಅವರ ಲೇಖನ ಪ್ರಕಟವಾದದ್ದು 1992ರಲ್ಲಿ. ಇಂದು ಜಗತ್ತಿನಾದ್ಯಂತ ಅದೇ ಕ್ರಮ ಅವರ ಹೆಸರಿನಲ್ಲಿಯೇ ಬಳಕೆಯಲ್ಲಿದೆ. ಇವರಿಗೂ ಮುಂಚೆ ಈ ಶಾಸ್ತ್ರಕ್ಕೆ ಬುನಾದಿ ಹಾಕಿದವರು ವಿಯೆನ್ನಾದ ರಾಬರ್ಟ್ ಬಾರಾನಿ. ರೋಗಿಗಳ ಕಿವಿ ತೊಳೆಯುವಾಗ ನೀರು ತಣ್ಣಗಿದ್ದರೆ ಕಣ್ಣು ಒಂದು ಕಡೆಗೂ ಬಿಸಿಯಾಗಿದ್ದರೆ ಅದರ ವಿರುದ್ಧ ಕಡೆಗೂ ಅದುರುವುದನ್ನು ಗಮನಿಸಿ, ಒಳಗಿವಿಯ ದ್ರವದ ಚಲನೆಯೇ ಇದಕ್ಕೆ ಕಾರಣವೆಂದು ಅವರು ತೋರಿಸಿಕೊಟ್ಟರು. 1914ರ ನೊಬೆಲ್ ಪುರಸ್ಕಾರ ಅವರಿಗೆ ಸಂದಾಗ ಅವರು ರಷ್ಯಾದಲ್ಲಿ ಯುದ್ಧಕೈದಿಯಾಗಿದ್ದರು. ಈ ಹೊರಳಿಸುವ ಚಿಕಿತ್ಸೆಯನ್ನು ವಿಡಿಯೊ ನೋಡಿಕೊಂಡು ಮನೆಯಲ್ಲಿ ಮಾಡಲು ಹೋಗಬೇಡಿ ಎಂದು ಇಲ್ಲಿಯೇ ಹೇಳಿಬಿಡುತ್ತೇನೆ. ಯಾವ ಕಿವಿ, ಯಾವ ನಾಳ ಎಂಬುದನ್ನು ಮೊದಲು ವೈದ್ಯರು ತಿಳಿಯಬೇಕು, ಕತ್ತಿನ ಮೂಳೆ ಸವೆದವರಿಗಂತೂ ಎಚ್ಚರ ಇನ್ನೂ ಹೆಚ್ಚು ಬೇಕು.

ಆಗುಂಬೆ ಘಾಟಿಯ 14 ಹಿಮ್ಮುರಿ ತಿರುವುಗಳಲ್ಲಿ ಬಸ್ಸಿನೊಳಗೆ ಕೂತವರಿಗೆ ಬರುವ ತಲೆಸುತ್ತಿಗೂ ಇದೇ ಕಿವಿ ಕಾರಣವಾದರೂ ಅದು ಕಾಯಿಲೆಯಲ್ಲ. ಕಣ್ಣು ಎದುರಿನ ಸೀಟನ್ನು ನೋಡುತ್ತ ಎಲ್ಲವೂ ನಿಂತಿದೆ ಎನ್ನುತ್ತದೆ, ಕಿವಿ ಮೈ ತಿರುಗುತ್ತಿದೆ ಎನ್ನುತ್ತದೆ; ಎರಡು ಸಾಕ್ಷಿಗಳ ನಡುವೆ ಮಿದುಳು ಗೊಂದಲಕ್ಕೆ ಬಿದ್ದು ಹೊಟ್ಟೆ ತೊಳಸುತ್ತದೆ. ಮುಂದಿನ ಸೀಟಿನಲ್ಲಿ ಕೂತು ದೂರದ ರಸ್ತೆ ನೋಡುತ್ತಿದ್ದರೆ ಬಹುಪಾಲು ಜನರಿಗೆ ಕಡಿಮೆಯಾಗುತ್ತದೆ.

ಎರಡನೆಯದಾದ ಕಣ್ಣು ಕತ್ತಲೆ ಬರುವುದಕ್ಕೆ ಕಿವಿಯ ಸಂಬಂಧವೇ ಇಲ್ಲ. ಎದ್ದು ನಿಂತಾಗ ರಕ್ತ ಕಾಲಿಗೆ ಇಳಿಯುತ್ತದೆ. ರಕ್ತನಾಳಗಳು ಕೂಡಲೇ ಬಿಗಿದುಕೊಂಡು ಅದನ್ನು ಮೇಲಕ್ಕೆ ಕಳಿಸಬೇಕು. ವಯಸ್ಸಾದವರಲ್ಲಿ, ಸಕ್ಕರೆ ಕಾಯಿಲೆ ಹಳತಾದವರಲ್ಲಿ, ಬಿಪಿಯ ಅಥವಾ ಪ್ರಾಸ್ಟೇಟಿನ ಕೆಲವು ಮಾತ್ರೆ ತೆಗೆದುಕೊಳ್ಳುವವರಲ್ಲಿ ಈ ಬಿಗಿತ ತಡವಾಗುತ್ತದೆ. ನಿಂತ ಮೂರು ನಿಮಿಷದೊಳಗೆ ಮೇಲಿನ ಒತ್ತಡ 20ರಷ್ಟೋ ಕೆಳಗಿನದು 10ರಷ್ಟೋ ಇಳಿದರೆ ವೈದ್ಯರು ಅದನ್ನು ಗಣನೆಗೆ ತೆಗೆದುಕೊಳ್ಳುತ್ತಾರೆ. ಮಲೆನಾಡಿನ ಮನೆಗಳಲ್ಲಿ ಎಣ್ಣೆ ಹಚ್ಚಿಕೊಂಡು, ಹಂಡೆಯ ಸುಡುನೀರು ಮಿಂದು, ಬಚ್ಚಲಿನಿಂದ ಎದ್ದ ಕೂಡಲೇ ಅಜ್ಜಂದಿರಿಗೆ ಬವಳಿ ಬರುವುದು ಇದೇ ಕಾರಣಕ್ಕೆ. ಬಿಸಿನೀರಿಗೆ ಚರ್ಮದ ರಕ್ತನಾಳಗಳು ಅರಳಿ ಒತ್ತಡ ಇನ್ನಷ್ಟು ಇಳಿದಿರುತ್ತದೆ. ಇದನ್ನು “ಪಿತ್ತ ಕೆದರಿದೆ” ಎಂದು ಲಿಂಬೆ ಶರಬತ್ತು ಕೊಟ್ಟು ಮಲಗಿಸುವುದು ನಮ್ಮಲ್ಲಿ ರೂಢಿ. ಮಲಗಿಸುವುದೂ ಕುಡಿಸುವುದೂ ಸರಿಯಾದ ಉಪಚಾರವೇ. ಆದರೆ ಮೇಲಿಂದ ಮೇಲೆ ಹೀಗಾಗುತ್ತಿದ್ದರೆ ಮಾತ್ರೆಯ ಪ್ರಮಾಣ ತಗ್ಗಿಸಬೇಕೇ ಎಂದು ವೈದ್ಯರನ್ನು ಕೇಳಬೇಕಾಗುತ್ತದೆ, ಮತ್ತು ಅವರು ಕೂರಿಸಿ ಮಾತ್ರವಲ್ಲದೆ ನಿಲ್ಲಿಸಿಯೂ ಬಿಪಿ ನೋಡಬೇಕಾಗುತ್ತದೆ. “ಎದ್ದಾಗ ಮಾತ್ರ ಕಣ್ಣು ಕತ್ತಲೆ ಬರ್ತದೆ” ಎಂದು ಹೇಳಿದರೆ ಅವರು ಹಾಗೆ ನೋಡುತ್ತಾರೆ; ‘ಗಿಡ್ಡಿನೆಸ್’ ಎಂದರೆ ನೋಡಲೇಬೇಕೆಂದೇನಿಲ್ಲ.

ಮೂರನೆಯದು ಕಾಲಿನ ಅಸ್ಥಿರತೆ. ನಾವು ನೆಟ್ಟಗೆ ನಿಲ್ಲುವುದಕ್ಕೆ ಕಿವಿ, ಕಣ್ಣು, ಅಂಗಾಲು ಮತ್ತು ಕೀಲುಗಳ ಅರಿವು, ಈ ಮೂರೂ ಬೇಕು. ಸಕ್ಕರೆ ಕಾಯಿಲೆಯಿಂದಲೋ ಬಿ12 ಜೀವಸತ್ವದ ಕೊರತೆಯಿಂದಲೋ ಅಂಗಾಲಿನ ಅರಿವು ಕುಂದಿದವರು ಹಗಲಿನಲ್ಲಿ ಕಣ್ಣಿನ ಬಲದಿಂದ ನಡೆದುಬಿಡುತ್ತಾರೆ. ಕತ್ತಲಾದರೆ ಅಥವಾ ಕಣ್ಣು ಮುಚ್ಚಿದರೆ ತೂರಾಡುತ್ತಾರೆ. 19ನೇ ಶತಮಾನದ ಜರ್ಮನ್ ವೈದ್ಯ ರೋಂಬರ್ಗ್ ಹೆಸರಿನ ಪರೀಕ್ಷೆ ಇದನ್ನೇ ನೋಡುತ್ತದೆ: ಪಾದ ಜೋಡಿಸಿ ನಿಲ್ಲಿಸಿ ಕಣ್ಣು ಮುಚ್ಚಲು ಹೇಳುವುದು. ನಮ್ಮ ಪಕ್ಕದ ಮನೆಯ ಹಿರಿಯರೊಬ್ಬರಿಗೆ ಇದು ಮೊದಲು ಗೊತ್ತಾದದ್ದು ಬಚ್ಚಲಿನಲ್ಲಿ. ಮುಖಕ್ಕೆ ಸೋಪು ಹಚ್ಚಿ ಕಣ್ಣು ಮುಚ್ಚಿದೊಡನೆ ಮೈ ಮುಂದಕ್ಕೆ ವಾಲುತ್ತಿತ್ತು, ಅವರು ಒಂದು ಕೈಯಿಂದ ಗೋಡೆ ಹಿಡಿದುಕೊಂಡೇ ಇನ್ನೊಂದು ಕೈಯಲ್ಲಿ ಮುಖ ತೊಳೆಯುತ್ತಿದ್ದರು. ಇಂಥವರಿಗೆ ಮಳೆಗಾಲದ ಮಲೆನಾಡು ಬಹಳ ಕಷ್ಟದ ಜಾಗ. ಜೂನ್ ಕಳೆಯುವುದರೊಳಗೆ ಅಂಗಳ, ಮೆಟ್ಟಿಲು, ಬಾವಿಕಟ್ಟೆಯ ಮೇಲೆಲ್ಲ ಹಾವಸೆ ಕಟ್ಟುತ್ತದೆ; ಜಾರದಿರಲೆಂದು ನಡೆಯುವ ದಾರಿಗೆ ಅಡಿಕೆ ಸೋಗೆ ಹಾಸುತ್ತೇವೆ; ತೋಟಕ್ಕೆ ಹೋಗಲು ಹಳ್ಳದ ಮೇಲೆ ಎರಡು ಮರ ಜೋಡಿಸಿದ ಸಂಕ ದಾಟಬೇಕು; ಸಂಜೆಯ ಗಾಳಿಗೆ ಕರೆಂಟು ಹೋಗುತ್ತದೆ. ಕಾಲಿನ ಅರಿವು ಕಳೆದುಕೊಂಡವರಿಗೆ ಬೆಳಕೇ ಊರುಗೋಲು. ಹಾಸಿಗೆಯ ಪಕ್ಕ ಒಂದು ಬ್ಯಾಟರಿ, ಬಚ್ಚಲಿನ ಗೋಡೆಗೆ ಗಟ್ಟಿಯಾದ ಒಂದು ಹಿಡಿ, ಮೀಯಲು ಒಂದು ಕುರ್ಚಿ, ಇವು ಯಾವ ಮಾತ್ರೆಗಿಂತಲೂ ಮೊದಲು ಆಗಬೇಕಾದ ಏರ್ಪಾಡುಗಳು. ಬಿ12 ಕೊರತೆಯಾಗಿದ್ದರೆ ಬೇಗ ಪತ್ತೆಯಾದಷ್ಟೂ ಗುಣ ಹೆಚ್ಚು. ತಡವಾದರೆ ನರಗಳಿಗಾದ ಹಾನಿ ಪೂರ್ತಿ ಸರಿಹೋಗದೆಯೂ ಇರಬಹುದು.

ಇಲ್ಲಿಯವರೆಗೆ ಓದಿದವರು, ಹಳೆಯ ಮಾತುಗಳನ್ನು ಸರಿಯಾಗಿ ಬಳಸಿದರೆ ಸಾಕು ಎಂದುಕೊಳ್ಳಬಹುದು. ಅಷ್ಟು ಸಾಲದು. 2007ರಲ್ಲಿ ನ್ಯೂಮನ್-ಟೋಕರ್ ಎಂಬ ನರವೈದ್ಯರೂ ಅವರ ಸಂಗಡಿಗರೂ ತುರ್ತು ವಿಭಾಗಕ್ಕೆ ಬಂದ ರೋಗಿಗಳನ್ನು ವಿಚಾರಿಸಿದಾಗ ತಿಳಿದದ್ದೇನೆಂದರೆ, ತಮಗಾಗುವುದು ಎಂಥ ತಲೆಸುತ್ತು ಎಂಬುದನ್ನು ರೋಗಿಗಳು ಸ್ವಲ್ಪ ಹೊತ್ತಿನ ನಂತರ ಮತ್ತೆ ಕೇಳಿದರೆ ಬೇರೆಯಾಗಿಯೇ ಹೇಳುತ್ತಾರೆ. ಆದರೆ ಎಷ್ಟು ಹೊತ್ತು ಇರುತ್ತದೆ, ಏನು ಮಾಡಿದಾಗ ಬರುತ್ತದೆ ಎಂಬ ಉತ್ತರ ಅಷ್ಟಾಗಿ ಬದಲಾಗುವುದಿಲ್ಲ. ಹಾಗಾಗಿ ಈಗ ಅನೇಕ ವೈದ್ಯರು ‘ಎಂಥದ್ದು’ ಎನ್ನುವುದಕ್ಕಿಂತ ‘ಯಾವಾಗ, ಎಷ್ಟು ಹೊತ್ತು, ಯಾವುದರಿಂದ’ ಎಂಬುದಕ್ಕೆ ಹೆಚ್ಚು ಬೆಲೆ ಕೊಡುತ್ತಾರೆ. ಚಿಕ್ಕಮ್ಮನ ಮಾತು ಕೆಲಸಕ್ಕೆ ಬಂದದ್ದೂ ಅದಕ್ಕೇ: ಬಲ ಮಗ್ಗುಲು ಎಂಬುದೂ ಹತ್ತು ಎಣಿಸುವುದರೊಳಗೆ ಎಂಬುದೂ ಅದರಲ್ಲಿತ್ತು.

ಒಂದು ಬಗೆಯ ತಲೆಸುತ್ತಿನಲ್ಲಿ ಮಾತ್ರ ವಿವರಗಳನ್ನು ಜೋಡಿಸುತ್ತ ಕೂರಬಾರದು. ಇದ್ದಕ್ಕಿದ್ದಂತೆ ಶುರುವಾಗಿ ನಿಲ್ಲದೆ ಇರುವ ತಲೆಸುತ್ತಿನ ಜೊತೆಗೆ ಮಾತು ತೊದಲಿದರೆ, ಒಂದು ವಸ್ತು ಎರಡಾಗಿ ಕಂಡರೆ, ಬಾಯಿ ಓರೆಯಾದರೆ, ಒಂದು ಬದಿಯ ಕೈಕಾಲು ಸೋತರೆ, ಅಥವಾ ಹಿಡಿದುಕೊಂಡರೂ ನಿಲ್ಲಲು ಆಗದಿದ್ದರೆ, ಅದು ಮಿದುಳಿನ ಹಿಂಭಾಗಕ್ಕೆ ರಕ್ತ ನಿಂತುಹೋದ ಲಕ್ಷಣವಾಗಿರಬಹುದು. ಹೆಪ್ಪನ್ನು ಕರಗಿಸುವ ಚುಚ್ಚುಮದ್ದು ಲಕ್ಷಣ ಶುರುವಾದ ನಾಲ್ಕೂವರೆ ಗಂಟೆಯೊಳಗೆ ಬೀಳಬೇಕು. ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೇ ಸುಮಾರು 60 ಕಿಲೋಮೀಟರು. ಅದರಾಚೆಯ ಒಂಟಿಮನೆಗಳಿಂದ ಟಾರು ರಸ್ತೆಗೆ ಬರುವುದಕ್ಕೇ ಎಷ್ಟೋ ಹೊತ್ತು ಹಿಡಿಯುತ್ತದೆ. “ಗಿಡ್ಡಿನೆಸ್ ಅಷ್ಟೇ, ಮಲಗಿದರೆ ಸರಿಹೋಗ್ತದೆ” ಎಂದು ಮಧ್ಯಾಹ್ನದವರೆಗೆ ಕಾದರೆ ಆ ಸಮಯವೆಲ್ಲ ಮನೆಯಲ್ಲಿಯೇ ಮುಗಿದುಹೋಗುತ್ತದೆ. 108ಕ್ಕೆ ಫೋನು ಮಾಡುವಾಗಲೂ ಗಿಡ್ಡಿನೆಸ್ ಎನ್ನದೆ, ಮಾತು ತೊದಲುತ್ತಿದೆ, ನಡೆಯಲು ಆಗುತ್ತಿಲ್ಲ, ಇಷ್ಟು ಗಂಟೆಗೆ ಶುರುವಾಯಿತು ಎಂದೇ ಹೇಳಿ.

ಇನ್ನು ಮಾತ್ರೆಯ ವಿಷಯ. ಇದೇ ನನ್ನನ್ನು ಹೆಚ್ಚು ಕಾಡಿದ್ದು. ಕಾಯಿಲೆಗೆಲ್ಲ ಒಂದೇ ಹೆಸರಾದ ಮೇಲೆ ಔಷಧಿಯೂ ಒಂದೇ ಆಗಿಬಿಟ್ಟಿದೆ. ಮೆಡಿಕಲ್ ಶಾಪಿಗೆ ಹೋಗಿ “ಗಿಡ್ಡಿನೆಸ್ ಮಾತ್ರೆ ಕೊಡಿ” ಎಂದರೆ ಪ್ರೋಕ್ಲೋರ್‌ಪೆರಜಿನ್ ಅಥವಾ ಸಿನಾರಿಜಿನ್ ಇರುವ ಒಂದು ಪಟ್ಟಿ ಕೈಗೆ ಬರುತ್ತದೆ. ಒಳಗಿವಿಯ ಉರಿಯೂತದಿಂದ ವಾಂತಿಯಾಗುವಷ್ಟು ತಲೆ ತಿರುಗುತ್ತಿರುವಾಗ ಎರಡು ಮೂರು ದಿನದ ಮಟ್ಟಿಗೆ ಇವು ಒಳ್ಳೆಯ ಔಷಧಿಗಳೇ. ಆದರೆ ಕಳಚಿದ ಹರಳನ್ನು ಇವು ಸ್ವಸ್ಥಾನಕ್ಕೆ ಸೇರಿಸಲಾರವು, ಬಿಪಿ ಇಳಿಯುವುದನ್ನು ತಡೆಯಲಾರವು, ಅಂಗಾಲಿಗೆ ಅರಿವನ್ನು ಮರಳಿಸಲಾರವು. ಒಂದು ಕಿವಿಗೆ ಹಾನಿಯಾದಾಗ ಮಿದುಳು ಅದಕ್ಕೆ ತಾನಾಗಿಯೇ ಹೊಂದಿಕೊಳ್ಳುವ ಶಕ್ತಿ ಪಡೆದಿದೆ; ಈ ಮಾತ್ರೆಗಳನ್ನು ಬಹಳ ದಿನ ಮುಂದುವರಿಸಿದರೆ ಆ ಹೊಂದಾಣಿಕೆಯೇ ತಡವಾಗುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ, ವಯಸ್ಸಾದವರು ತಿಂಗಳುಗಟ್ಟಲೆ ನುಂಗಿದಾಗ ಪಾರ್ಕಿನ್ಸನ್ ಕಾಯಿಲೆಯಂಥದ್ದೇ ಲಕ್ಷಣಗಳು ಬರಬಹುದು: ಕೈ ನಡುಗುತ್ತದೆ, ಮುಖದ ಭಾವ ಹೋಗುತ್ತದೆ, ಹೆಜ್ಜೆ ಚಿಕ್ಕದಾಗಿ ಕಾಲು ಎಳೆಯುತ್ತದೆ. ಆಗ ಮನೆಯವರು “ಗಿಡ್ಡಿನೆಸ್ ಜಾಸ್ತಿಯಾಗಿದೆ” ಎಂದು ಅದೇ ಮಾತ್ರೆಯನ್ನು ಮತ್ತೆ ತರುತ್ತಾರೆ. ನಮ್ಮ ಬಂಧುಗಳ ಮನೆಯಲ್ಲಿಯೇ ಹೀಗಾಗಿ, ಜಗಲಿಯಿಂದ ಅಂಗಳಕ್ಕೆ ಇಳಿಯಲು ಮೊಮ್ಮಕ್ಕಳ ಕೈ ಬೇಕಾಗಿದ್ದ ಅತ್ತೆಯೊಬ್ಬರ ಮಾತ್ರೆಯನ್ನು ನರವೈದ್ಯರು ನಿಲ್ಲಿಸಿದ ಮೇಲೆ, ಕೆಲವು ತಿಂಗಳಲ್ಲಿ ನಡುಕ ತಗ್ಗಿ ನಡಿಗೆ ಬಹುಮಟ್ಟಿಗೆ ಮೊದಲಿನಂತಾಯಿತು. ಎಲ್ಲರಿಗೂ ಪೂರ್ತಿ ಹಾಗಾಗುತ್ತದೆ ಎನ್ನಲಾಗದು. ನಿಲ್ಲಿಸುವ ತೀರ್ಮಾನವೂ ವೈದ್ಯರದೇ ಆಗಿರಬೇಕು. ಆದ್ದರಿಂದ ಹಿರಿಯರನ್ನು ಆಸ್ಪತ್ರೆಗೆ ಕರೆದೊಯ್ಯುವಾಗ ಮನೆಯಲ್ಲಿರುವ ಮಾತ್ರೆಯ ಪಟ್ಟಿಗಳನ್ನೆಲ್ಲ, ಚೀಟಿಯಿಲ್ಲದೆ ಕೊಂಡವನ್ನೂ ಸೇರಿಸಿ, ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ಮೇಜಿನ ಮೇಲೆ ಸುರಿಯಿರಿ, ಯಾವುದನ್ನು ಯಾವಾಗಿನಿಂದ ತೆಗೆದುಕೊಳ್ಳುತ್ತಿದ್ದಾರೆ ಎಂಬುದನ್ನೂ ಹೇಳಿ.